ಯಾವ ರಾಗವೂ ಅಲ್ಲ, ಊಟ ಮಾಡಿ

ನನ್ನ ಆಲ್ಬಂ ಹೊರಗೆ ಬಂದು ನಾಲ್ಕು ತಿಂಗಳಾಯಿತು. ಹೆಸರು ‘ಪಡಸಾಲೆ’. ಎರಡು ಪಿಟೀಲು, ಪಿಟೀಲಿನ ದೊಡ್ಡಕ್ಕನಂಥ ಒಂದು ವಯೋಲಾ, ಕೂತು ನೆಲಕ್ಕೆ ಊರಿ ನುಡಿಸುವ ಒಂದು ಚೆಲ್ಲೋ. ಐದು ರಚನೆ, ಒಟ್ಟು 38 ನಿಮಿಷ. ಹಾಡುವವರಿಲ್ಲ, ತಬಲಾ ಇಲ್ಲ, ಮೃದಂಗ ಇಲ್ಲ. ಪೂರ್ತಿ ಕೇಳಿದವರು, ಕೇಳದೇ ಇದ್ದವರು, 40 ಸೆಕೆಂಡಿಗೆ ನಿಲ್ಲಿಸಿದವರು, ಎಲ್ಲರದ್ದೂ ಒಂದೇ ಪ್ರಶ್ನೆ: ‘ಇದು ಯಾವ ರಾಗ?’

ಮೊದಲ ತಿಂಗಳು ನಗುತ್ತಾ ಉತ್ತರ ಹೇಳಿದೆ. ಎರಡನೇ ತಿಂಗಳು ಬರೀ ನಕ್ಕೆ. ಈಗ ಅದೂ ಆಗುತ್ತಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಉತ್ತರ: ಯಾವ ರಾಗವೂ ಅಲ್ಲ.

ಹೀಗಂದ ಕೂಡಲೇ ಎದುರಿಗಿರುವವರ ಮುಖ ನೋಡಬೇಕು. ‘ಮಗ ಯಾವ ಸ್ಕೂಲು?’ ಅಂತ ಕೇಳಿದಾಗ ‘ಸ್ಕೂಲಿಗೇ ಕಳಿಸ್ತಿಲ್ಲ’ ಅಂದರೆ ಹೇಗೆ ನೋಡುತ್ತಾರೋ ಹಾಗೆ. ತಪ್ಪು ಅವರದಲ್ಲ. ಇದು ಮೈಸೂರು, ವೀಣೆ ಶೇಷಣ್ಣನವರು ಇದ್ದ ಊರು. ಗಣೇಶನ ಪೆಂಡಾಲಿನಲ್ಲಿ ಕೂತು ಕಚೇರಿ ಕೇಳಿ ಬೆಳೆದವರು ನಾವು. ಆಲಾಪನೆ ಶುರುವಾಗುತ್ತಿದ್ದ ಹಾಗೆ ಪಕ್ಕದವರ ಕಿವಿಯಲ್ಲಿ ‘ಖರಹರಪ್ರಿಯ’ ಅಂತ ಪಿಸುಗುಟ್ಟದಿದ್ದರೆ ಸಮಾಧಾನವಿಲ್ಲ. ನಾನೂ ಪಿಸುಗುಟ್ಟುತ್ತೇನೆ. ಹೆಸರು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ, ಆಮೇಲೆ ಆರಾಮಾಗಿ ತಲೆದೂಗಬಹುದು. ನನ್ನ ಸಂಗೀತ ಆ ಅನುಕೂಲ ಮಾಡಿಕೊಡುವುದಿಲ್ಲ. ಅದಕ್ಕೆ ನಾನೇನೂ ಕ್ಷಮೆ ಕೇಳಲ್ಲ.

ಇನ್ನು ಕೇಳುವ ಧಾಟಿಗಳು. ‘ಯಾವ ಸಿನಿಮಾಗಮ್ಮ ಇದು?’ ‘ಶ್ರುತಿ ಮಾಡ್ಕೊಳ್ತಿದ್ದಾರಾ, ಶುರುವಾಗಿದೆಯಾ?’ ಅತಿ ಒಳ್ಳೆಯ ಗೊಂದಲ ಪಕ್ಕದ ಮನೆ ಆಂಟಿಯದು. ಚೇಂಬರ್ ಮ್ಯೂಸಿಕ್ ಬರೆದಿದ್ದೇನೆ ಅಂದೆ. ನಮ್ಮ ಬೀದಿಯಲ್ಲಿ ಚೇಂಬರ್ ಅಂದರೆ ಒಂದೇ, ಮಳೆ ಬಂದರೆ ಉಕ್ಕುವ ಒಳಚರಂಡಿ ಚೇಂಬರ್. ಆಂಟಿ ಒಂದು ಕ್ಷಣ ಸುಮ್ಮನಿದ್ದು, ‘ಏನಾದ್ರೂ ಒಂದು ಮಾಡ್ತಿರ್ತೀಯ, ಪಾಪ’ ಅಂದರು. ಆವತ್ತೇ ಆಲ್ಬಮ್ಮಿಗೆ ‘ಪಡಸಾಲೆ’ ಅಂತ ಹೆಸರಿಟ್ಟೆ. ಅರ್ಥವೂ ಸರಿಯಾಗೇ ಇದೆ. ಚೇಂಬರ್ ಅಂದರೆ ಕೋಣೆ. ಇದು ದೊಡ್ಡ ಸಭಾಂಗಣಕ್ಕೆ ಹುಟ್ಟಿದ ಸಂಗೀತ ಅಲ್ಲ, ಮನೆಯೊಳಗೆ ನಾಲ್ಕು ಜನ ಎದುರುಬದುರು ಕೂತು ನುಡಿಸುವುದಕ್ಕೆ ಹುಟ್ಟಿದ್ದು. ಒಬ್ಬೊಬ್ಬರಿಗೆ ಒಂದೊಂದು ದಾರಿ. ಕೋಲು ಹಿಡಿದು ನಡೆಸುವ ಕಂಡಕ್ಟರ್ ಇರುವುದಿಲ್ಲ.

ಹಾಗಾದರೆ ನಾಲ್ವರೂ ಒಟ್ಟಿಗೆ ಶುರು ಮಾಡುವುದು ಹೇಗೆ? ಮೊದಲ ಪಿಟೀಲಿನವರು ಉಸಿರು ಎಳೆದುಕೊಳ್ಳುತ್ತಾರೆ. ಆ ಉಸಿರಿನ ಉದ್ದದಲ್ಲೇ ಲಯ ಇರುತ್ತದೆ. ನನ್ನ ಆಲ್ಬಮ್ಮಿನಲ್ಲಿ ಅದು ಕೇಳಿಸುತ್ತದೆ, ಬೇಕಂತಲೇ ಬಿಟ್ಟಿದ್ದೇನೆ. ಅದರ ಬಗ್ಗೆ ಯಾರಾದರೂ ಕೇಳಲಿ ಅಂತ ಆಸೆಪಟ್ಟಿದ್ದೆ. ಕೇಳಿದ್ದು ಅಣ್ಣನ ಮಗಳು ಒಬ್ಬಳೇ: ‘ಅತ್ತೆ, ಇಲ್ಲಿ ಯಾರಿಗೋ ನೆಗಡಿ ಅಲ್ವಾ?’

ಮೈಸೂರಲ್ಲಿ ಕೂತು ಇಂಗ್ಲಿಷ್ ಸಂಗೀತ ಯಾಕೆ ಅನ್ನುವವರೂ ಇದ್ದಾರೆ. ಇವರಿಗಾಗಿ ನಾನು ಮಹಾರಾಜರನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತೇನೆ. ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. ಪಿಯಾನೋ ಕಲಿತವರೂ ಅವರೇ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರನ ರಚನೆಗಳು ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟವರೂ ಅವರೇ. ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1950ರಲ್ಲಿ ಲಂಡನ್ನಿನಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದೂ ಇವರ ದುಡ್ಡಿನ ಭರವಸೆಯ ಮೇಲೆ. ಅಷ್ಟಕ್ಕೂ ಪಿಟೀಲೇ ಹೊರಗಿನಿಂದ ಬಂದದ್ದು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲಿ ಅಂತ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಆಗ ಯಾರೂ ಅದನ್ನು ಇಂಗ್ಲಿಷ್ ವಾದ್ಯ ಅನ್ನಲಿಲ್ಲ.

ಇಷ್ಟೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ ನನ್ನ ಭಾವ ಅಂದದ್ದು: ‘ಮಹಾರಾಜರ ಹತ್ರ ದುಡ್ಡಿತ್ತು.’ ಆ ಮಾತಿಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಇದೇ ಭಾವನಿಂದಲೇ ಮುಂದಿನ ಕಥೆ.

ಅವರ ಮೊಮ್ಮಗುವಿನ ನಾಮಕರಣ. ಕುವೆಂಪುನಗರದಲ್ಲಿ ಒಂದು ಸಣ್ಣ ಹಾಲು. ಮೊದಲ ಪಂಕ್ತಿ ಕೂತಿತ್ತು, ಒಬ್ಬಟ್ಟು ಬಂದಿತ್ತು. ಅಲ್ಲಿಯವರೆಗೆ ಸ್ಪೀಕರಿನಲ್ಲಿ ನಾಗಸ್ವರ. ಭಾವನಿಗೆ ಅದೇನು ಪ್ರೀತಿ ಉಕ್ಕಿತೋ, ಫೋನು ತೆಗೆದು ನನ್ನ ಆಲ್ಬಂ ಹಾಕಿಬಿಟ್ಟರು. ಅದರಲ್ಲೂ ಎರಡನೆಯದು. ಚೆಲ್ಲೋ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಮೇಲೆ ವಯೋಲಾ ನಿಧಾನವಾಗಿ ಏರುತ್ತದೆ. ಎರಡು ನಿಮಿಷದ ಹೊತ್ತಿಗೆ ಕೆಳಗಿನ ಆಧಾರ ಹೋಗಿ ಎಲ್ಲಾ ಅಲ್ಲಾಡುತ್ತದೆ. ತುಪ್ಪ ಬಡಿಸುತ್ತಿದ್ದವರು ಸೌಟನ್ನು ಗಾಳಿಯಲ್ಲೇ ಹಿಡಿದು ಸ್ಪೀಕರ್ ಕಡೆ ನೋಡಿದರು. ಒಂದು ತೊಟ್ಟು ತುಪ್ಪ ಎಲೆಯ ಆಚೆ ಬಿತ್ತು. ಯಾರೋ ‘ಬ್ಯಾಟ್ರಿ ಹೋಯ್ತು ಅನ್ಸತ್ತೆ’ ಅಂದರು. ನಾನು ಕೋಸಂಬರಿ ನೋಡುತ್ತಾ ಕೂತೆ.

ಎದುರು ಸಾಲಿನಲ್ಲಿ ನಮ್ಮ ದೊಡ್ಡಪ್ಪ. ವಯಸ್ಸು ಎಂಬತ್ತು ದಾಟಿದೆ. ಒಂಟಿಕೊಪ್ಪಲ್ ಕಡೆಯವರು, ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್ ಗಣಪತಿ ಕಚೇರಿಗಳನ್ನು ತಪ್ಪಿಸಿದವರಲ್ಲ. ಕಿವಿ ಚೆನ್ನಾಗಿದೆ, ಗಂಟಲು ಅದಕ್ಕಿಂತ ಚೆನ್ನಾಗಿದೆ. ಪಂಕ್ತಿ ದಾಟಿ ಕೂಗಿದರು: ‘ಯಾವ ರಾಗಮ್ಮ ಇದು?’

‘ಯಾವ ರಾಗವೂ ಅಲ್ಲ ದೊಡ್ಡಪ್ಪ, ಊಟ ಮಾಡಿ.’

‘ಕಲ್ಯಾಣಿ ಥರ ಶುರುವಾಯ್ತಲ್ಲಮ್ಮ. ಆಮೇಲೆ ಏನಾಯ್ತು?’

ಪಂಕ್ತಿ ಪೂರ್ತಿ ನಕ್ಕಿತು. ರಸ್ತೆಯಲ್ಲಿ ಬಿದ್ದವರನ್ನು ಕೇಳುವ ಹಾಗಿತ್ತು ಆ ‘ಏನಾಯ್ತು’. ನಾನೂ ಹಲ್ಲು ಕಿರಿದು, ಮೊಸರು ಬಂದ ಕೂಡಲೇ ಎದ್ದೆ. ಮನೆಗೆ ಹೋಗುವಾಗ ಸ್ಕೂಟರಿನಲ್ಲಿ ದಾರಿಯುದ್ದಕ್ಕೂ ಬೈದುಕೊಂಡು ಹೋದೆ. ಭಾವನನ್ನು ಜಾಸ್ತಿ, ದೊಡ್ಡಪ್ಪನನ್ನು ಸ್ವಲ್ಪ ಕಮ್ಮಿ.

ಗಾಡಿ ನಿಲ್ಲಿಸುವಾಗ ಹೊಳೆಯಿತು. ನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದ ಪ್ರಶ್ನೆಯನ್ನು ಒಬ್ಬರು ಕೇಳಿದ್ದರು. ಯಾವ ರಾಗ ಅನ್ನುವುದಲ್ಲ. ಆಮೇಲೆ ಏನಾಯ್ತು ಅನ್ನುವುದು. ನಾನು ಕೋಸಂಬರಿ ನೋಡುತ್ತಿದ್ದೆ.

ಸರಿ. ದೊಡ್ಡಪ್ಪ, ನಿಮಗೆ ಉತ್ತರ.

ಮೊದಲು ಒಂದು ತಪ್ಪೊಪ್ಪಿಗೆ. ಶುರುವಾಗುವುದು ನೀವಂದ ಹಾಗೆ ಕಲ್ಯಾಣಿಯ ಸ್ವರಗಳಲ್ಲೇ. ಸ್ವರವನ್ನು ತೂಗಾಡಿಸುವ ಗಮಕ ಇಲ್ಲದ, ಬೋಳು ಕಲ್ಯಾಣಿ. ಚೆಲ್ಲೋದ ಕೆಳಗಿನ ಖಾಲಿ ತಂತಿ ಷಡ್ಜ, ಅಂದರೆ ಆಧಾರದ ‘ಸ’. ವಯೋಲಾ ಏರುತ್ತಾ ಬಂದು ಪ್ರತಿಮಧ್ಯಮದ ಮೇಲೆ, ಅಂದರೆ ‘ಪ’ದ ಕೆಳಗಿನ ಏರಿದ ‘ಮ’ದ ಮೇಲೆ ನಿಲ್ಲುತ್ತದೆ. ಅಲ್ಲಿಂದ ಪಂಚಮಕ್ಕೆ ಹೋಗಬೇಕು ಅಂತ ನಿಮ್ಮ ಕಿವಿ ಕಾಯುತ್ತದೆ, ನನಗೆ ಗೊತ್ತು. ವಯೋಲಾ ಹೋಗಲ್ಲ. ಚೆಲ್ಲೋ ಷಡ್ಜ ಬಿಟ್ಟು ಸುಮ್ಮನಾಗುತ್ತದೆ. ನಾಲ್ಕು ಆವರ್ತ ಬರೀ ವಯೋಲಾ. ಆಮೇಲೆ ಮೊದಲ ಪಿಟೀಲು ಬಂದು ಆ ಪ್ರತಿಮಧ್ಯಮವನ್ನೇ ಷಡ್ಜ ಮಾಡಿಕೊಂಡು ನುಡಿಸುತ್ತದೆ.

ಒಂದು ರಾಗದ ಬೇರೆ ಸ್ವರವನ್ನು ಷಡ್ಜ ಮಾಡಿಕೊಂಡು ಇನ್ನೊಂದು ರಾಗ ಹುಟ್ಟಿಸುವ ಗ್ರಹಭೇದ ನಿಮಗೆ ಹೇಳಿಕೊಡಬೇಕಾಗಿಲ್ಲ. ಮೋಹನದ ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ. ಕಲ್ಯಾಣಿಯಲ್ಲಿ ರಿಷಭ ಹಿಡಿದರೆ ಹರಿಕಾಂಭೋಜಿ, ಪಂಚಮ ಹಿಡಿದರೆ ಶಂಕರಾಭರಣ, ನಿಷಾದ ಹಿಡಿದರೆ ತೋಡಿ. ಹೀಗೆ ಯಾವ ಬಾಗಿಲು ತಟ್ಟಿದರೂ ಒಂದೊಂದು ರಾಗ ಬಂದು ತೆರೆಯುತ್ತದೆ. ಒಂದು ಬಾಗಿಲು ಬಿಟ್ಟು. ಪ್ರತಿಮಧ್ಯಮವನ್ನು ಷಡ್ಜ ಮಾಡಿದರೆ ಪಂಚಮವೇ ಸಿಗುವುದಿಲ್ಲ. ಅದರ ಬದಲು ಎರಡೆರಡು ಮಧ್ಯಮ ಸಿಗುತ್ತವೆ. 72 ಮೇಳದಲ್ಲಿ, ಅಂದರೆ ತಾಯಿರಾಗಗಳ ಪಟ್ಟಿಯಲ್ಲಿ, ಅದಕ್ಕೆ ಮನೆ ಇಲ್ಲ. ನನ್ನ ರಚನೆ ಹೋಗಿ ಕೂರುವುದು ಸರಿಯಾಗಿ ಆ ಜಾಗದಲ್ಲೇ. ಕೊನೆಗೆ ಚೆಲ್ಲೋ ತನ್ನ ಹಳೆಯ ಸ್ವರ ಹಿಡಿದು ಹಿಂದಿರುಗಿ ಬರುತ್ತದೆ. ಅಷ್ಟು ಹೊತ್ತಿಗೆ ಯಜಮಾನನೇ ನೆಂಟ.

ಇನ್ನೊಂದಾಯ್ತು. ಅದು ನಾನು ಬರೆದದ್ದಲ್ಲ.

ರೆಕಾರ್ಡ್ ಮಾಡಿದ್ದು ಲಕ್ಷ್ಮೀಪುರಂನ ಒಂದು ಹಳೇ ಮನೆಯಲ್ಲಿ. ಮದ್ರಾಸ್ ತಾರಸಿ, ಕೆಂಪು ರೆಡ್ ಆಕ್ಸೈಡ್ ನೆಲ, ನಾದ ಚೆನ್ನಾಗಿ ನಿಲ್ಲುತ್ತದೆ. ಏಪ್ರಿಲ್ ತಿಂಗಳು. ಫ್ಯಾನ್ ಹಾಕಿದರೆ ಮೈಕಿನಲ್ಲಿ ಸದ್ದು, ಆದ್ದರಿಂದ ಫ್ಯಾನ್ ಬಂದ್. ಬೆಂಗಳೂರಿನಿಂದ ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಹಾಕಿಸಿಕೊಂಡು ಬಂದಿದ್ದ ಚೆಲ್ಲೋ, ಸೆಕೆಗೆ ಸಡಿಲವಾಗುತ್ತಾ ಹೋಯಿತು. ಬೆರಳಿಟ್ಟ ಸ್ವರ ಇಳಿದರೆ ಬೆರಳು ಒಂದು ಕೂದಲೆಳೆ ಸರಿಸಿ ಸರಿಮಾಡಿಕೊಳ್ಳಬಹುದು. ಖಾಲಿ ತಂತಿ ಇಳಿದರೆ ಏನೂ ಮಾಡಲಾಗದು, ನಿಲ್ಲಿಸಬೇಕು. ಎರಡನೇ ದಿನ, ನಾಲ್ಕನೇ ಟೇಕ್. ಚೆಲ್ಲೋ ವಾಪಸ್ ಬಂದಾಗ ಸ್ವರ ಸ್ವಲ್ಪ ಇಳಿದಿತ್ತು. ನಿಲ್ಲಿಸಿ ಅನ್ನಲು ಕೈ ಎತ್ತಿದೆ. ಅಷ್ಟರಲ್ಲಿ ವಯೋಲಾ ನುಡಿಸುತ್ತಿದ್ದ ಹುಡುಗಿ ಚೆಲ್ಲೋ ಕಡೆ ಒಮ್ಮೆ ನೋಡಿ ತನ್ನ ಬೆರಳನ್ನು ಹಿಂದಕ್ಕೆ ಸರಿಸಿದಳು. ಪಿಟೀಲಿನವರಿಬ್ಬರೂ ಅವಳ ಹಿಂದೆ ಇಳಿದರು. ನಾಲ್ವರೂ ಒಟ್ಟಿಗೆ, ಒಂದು ಮಾತಿಲ್ಲದೆ.

ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡೆ. ಆಲ್ಬಮ್ಮಿನಲ್ಲಿರುವುದು ಆ ಟೇಕೇ. 6 ನಿಮಿಷ 20 ಸೆಕೆಂಡಿನ ಹತ್ತಿರ ಕೇಳಿ ದೊಡ್ಡಪ್ಪ. ಭಾವನ ಸ್ಪೀಕರಿನಲ್ಲಿ ಬೇಡ.