ರಿಪೇರಿ ಆಮೇಲೆ, ಮೊದಲು ಓದಿಕೊಳ್ಳೋಣ

ಚಿಕ್ಕಪ್ಪನ ಹಾರ್ಡ್ ಡಿಸ್ಕ್ ನನ್ನ ಕೈಗೆ ಬಂದಾಗ ಅದರಲ್ಲಿ ಇನ್ನೂ ಜೀವವಿತ್ತು. ವಿದ್ಯುತ್ ಕೊಟ್ಟರೆ ತಿರುಗುತ್ತಿತ್ತು. ಕಂಪ್ಯೂಟರಿಗೆ ಅದರ ಹೆಸರೂ ಗಾತ್ರವೂ ತಿಳಿಯುತ್ತಿದ್ದವು. ಯಾವುದಾದರೂ ಫೋಲ್ಡರ್ ತೆರೆಯಹೊರಟರೆ ಮಾತ್ರ ಪರದೆ ಹಾಗೆಯೇ ನಿಂತುಬಿಡುತ್ತಿತ್ತು, ಒಳಗಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳುತ್ತಿತ್ತು. 500 ಗಿಗಾಬೈಟಿನ ಹಳೆಯ ಲ್ಯಾಪ್‌ಟಾಪ್ ಡಿಸ್ಕು ಅದು. ನಿವೃತ್ತಿಯ ನಂತರ ಚಿಕ್ಕಪ್ಪ ತಾಳ್ಮೆಯಿಂದ ಕುಳಿತು ಸ್ಕ್ಯಾನ್ ಮಾಡಿದ್ದ ಇಡೀ ಕುಟುಂಬದ ನೆಗೆಟಿವ್‌ಗಳೆಲ್ಲ ಅದರಲ್ಲಿದ್ದವು.

ಮೂಲ ನೆಗೆಟಿವ್‌ಗಳಿಗೆ ಆಮೇಲೆ ಬೂಷ್ಟು ಹಿಡಿಯಿತು. ಫಿಲ್ಮಿನ ಮೇಲಿನ ಜೆಲಟಿನ್ ಪದರ ಶಿಲೀಂಧ್ರಕ್ಕೆ ಒಳ್ಳೆಯ ಆಹಾರ. ತೇವ ಸಿಕ್ಕರೆ ಅದು ಚಿತ್ರವನ್ನೇ ತಿಂದುಹಾಕುತ್ತದೆ. ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಹೋದರೆ ಪದರವೇ ಕಿತ್ತು ಬರುವ ಸ್ಥಿತಿಗೆ ಬಂದಿದ್ದವು. ಹಾಗಾಗಿ ನಕಲು ಎಂದುಕೊಂಡಿದ್ದ ಈ ಡಿಸ್ಕೇ ಈಗ ಮೂಲವಾಗಿತ್ತು.

“ಒಮ್ಮೆ ರಿಪೇರಿ ಮಾಡಿ ನೋಡು, ಸರಿಹೋಗಬಹುದು” ಎಂದರು ಚಿಕ್ಕಪ್ಪ. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಡಿಸ್ಕನ್ನು ಜೋಡಿಸಿದ ಕೂಡಲೇ ವಿಂಡೋಸ್ ಕೂಡ ಅದನ್ನೇ ಹೇಳುತ್ತದೆ: ಈ ಡಿಸ್ಕಿನಲ್ಲಿ ದೋಷವಿದೆ, ಪರೀಕ್ಷಿಸಿ ಸರಿಪಡಿಸಲೇ ಎಂದು ಕೇಳುತ್ತದೆ. ಇಂಥ ಡಿಸ್ಕುಗಳಿಗೆ ಆಗುವ ಅನಾಹುತಗಳಲ್ಲಿ ಎಷ್ಟೋ ಈ ಒಂದು ಪ್ರಶ್ನೆಗೆ ಹೌದು ಎನ್ನುವುದರಿಂದಲೇ ಆಗುತ್ತವೆ ಎಂದು ನಾನು ನಂಬಿದ್ದೇನೆ. ಚೆಕ್‌ಡಿಸ್ಕ್‌ನಂತಹ ಸಾಧನಕ್ಕೆ ಬೇಕಾಗಿರುವುದು ಯಾವ ಫೈಲು ಎಲ್ಲಿದೆ ಎಂಬ ಫೈಲ್ ವ್ಯವಸ್ಥೆಯ ಲೆಕ್ಕ ತಾಳೆಯಾಗುವುದು. ಓದಲಾಗದ ದಾಖಲೆ ಸಿಕ್ಕರೆ ಅದನ್ನು ತೆಗೆದುಹಾಕಿಯಾದರೂ ಅದು ಲೆಕ್ಕ ಸರಿ ಮಾಡುತ್ತದೆ, ಮಾಡಿದ್ದನ್ನು ಅದೇ ಡಿಸ್ಕಿನ ಮೇಲೆಯೇ ಬರೆಯುತ್ತದೆ. ನಮ್ಮ ಫೋಟೋ ಉಳಿಯಿತೇ ಇಲ್ಲವೇ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಮುರಿದ ಕಾಲಿನವನನ್ನು ಓಡಿಸಿ ಪರೀಕ್ಷೆ ಮಾಡಿದಂತಾಗುತ್ತದೆ ಅದು. “ಬೇಡ ಚಿಕ್ಕಪ್ಪ, ಸದ್ಯಕ್ಕೆ ಇದರ ಮೇಲೆ ಒಂದಕ್ಷರವನ್ನೂ ಬರೆಯುವುದು ಬೇಡ. ಇರುವುದನ್ನು ಮೊದಲು ಓದಿಕೊಳ್ಳೋಣ” ಎಂದೆ.

ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಒಂದು ದಾಖಲೆ ಇಟ್ಟುಕೊಂಡಿರುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಲಿನಕ್ಸಿನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಆದೇಶದಿಂದ ಅದನ್ನು ನೋಡಬಹುದು. ಪಟ್ಟಿ ಉದ್ದವಾಗಿರುತ್ತದೆ, ಆದರೆ ನಾನು ಮೊದಲು ನೋಡುವುದು ಮೂರು ಸಾಲುಗಳನ್ನು. 5ನೆಯ ಅಂಶ, ಹಾಳಾದ ಸೆಕ್ಟರಿಗೆ (ಡಿಸ್ಕು ಮಾಹಿತಿ ಇಡುವ ಸಣ್ಣ ತುಣುಕು ಜಾಗಕ್ಕೆ) ಬದಲಾಗಿ ಮೀಸಲು ಜಾಗ ಕೊಟ್ಟದ್ದು ಎಷ್ಟು ಎಂದು ಹೇಳುತ್ತದೆ. 197ನೆಯದು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳೆಷ್ಟು ಎಂದು. 199ನೆಯದು ಸಾಮಾನ್ಯವಾಗಿ ಕೇಬಲ್ಲಿನ ದೋಷವನ್ನು ತೋರಿಸುತ್ತದೆ. ಅದೊಂದೇ ಏರಿದ್ದರೆ ಕೇಬಲ್ ಬದಲಾಯಿಸಿದರೆ ಸಾಕಾಗಬಹುದು. ನಮ್ಮ ಡಿಸ್ಕಿನಲ್ಲಿ 199 ಸೊನ್ನೆಯಾಗಿತ್ತು, 197 ಸಾವಿರ ದಾಟಿತ್ತು. ಈ ಬಾಕಿ ಸೆಕ್ಟರುಗಳ ವಿಷಯದಲ್ಲಿ ತಿಳಿದಿರಬೇಕಾದ ಮಾತೊಂದಿದೆ: ಅವುಗಳ ಮೇಲೆ ಹೊಸದಾಗಿ ಏನನ್ನಾದರೂ ಬರೆದರೆ, ಆ ಜಾಗ ಇನ್ನು ಕೆಲಸಕ್ಕೆ ಬಾರದೆಂದು ಕಂಡಾಗ ಡಿಸ್ಕು ಮೀಸಲು ಜಾಗಕ್ಕೆ ಜಿಗಿಯುತ್ತದೆ. ಬಾಕಿ ಲೆಕ್ಕ ಇಳಿಯುತ್ತದೆ, ಡಿಸ್ಕು ಸುಧಾರಿಸಿದಂತೆಯೂ ಕಾಣುತ್ತದೆ, ಆದರೆ ಅಲ್ಲಿದ್ದ ಹಳೆಯ ಮಾಹಿತಿ ಮತ್ತೆ ಕೈಗೆ ಸಿಗುವುದಿಲ್ಲ.

ಮುಂದುವರಿಯುವ ಮೊದಲು ನಿರ್ಧರಿಸಬೇಕಾದದ್ದು ಇನ್ನೊಂದಿತ್ತು. ತಿರುಗುವ ತಟ್ಟೆಯ ಮೇಲೆ ಓದುವ ಹೆಡ್ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಧೂಳಿನ ಕಣವೂ ಆ ಅಂತರಕ್ಕೆ ಹೋಲಿಸಿದರೆ ಬಂಡೆಯೇ. ಹೆಡ್ ತಟ್ಟೆಗೆ ತಗುಲಿದ್ದರೆ, ಡಿಸ್ಕನ್ನು ತಿರುಗಿಸಿದಷ್ಟು ಹೊತ್ತೂ ಕಾಂತೀಯ ಪದರ ಕೆರೆದುಹೋಗುತ್ತಿರುತ್ತದೆ. ಸದ್ದು ಜೋರಾಗಿದ್ದರೆ, ಅಥವಾ ಕಂಪ್ಯೂಟರ್ ಡಿಸ್ಕನ್ನು ಗುರುತಿಸದಿದ್ದರೆ, ಕೂಡಲೇ ವಿದ್ಯುತ್ ತೆಗೆದು ಧೂಳುರಹಿತ ಕೋಣೆಯಿರುವ ಪ್ರಯೋಗಾಲಯಕ್ಕೆ ಒಪ್ಪಿಸುವುದೊಂದೇ ದಾರಿ. ಇದನ್ನು ಚಿಕ್ಕಪ್ಪನಿಗೆ ಬಿಡಿಸಿ ಹೇಳಿದೆ. ನಾನು ಕೈಹಾಕಿದರೆ ಇರುವುದೂ ಹೋಗುವ ಸಾಧ್ಯತೆಯಿದೆ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಗುರುತು ಸಿಗುತ್ತಿದೆಯಲ್ಲ, ನೀನೇ ನೋಡು. ಸದ್ದು ಹೆಚ್ಚಾದರೆ ನಿಲ್ಲಿಸಿಬಿಡು” ಎಂದರು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ ಓದುತ್ತದಂತೆ ಎಂಬ ಸಲಹೆಯೂ ಮನೆಯವರಿಂದ ಬಂತು. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದಾಗ ಗಾಳಿಯ ತೇವ ಅದರ ಮೇಲೆ, ಒಳಗೆ ಹನಿಗಟ್ಟುತ್ತದೆ. ತೇವದಿಂದಲೇ ನೆಗೆಟಿವ್‌ಗಳನ್ನು ಕಳೆದುಕೊಂಡಿದ್ದ ಮನೆಯವರಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ.

ನಾನು ನಂಬಿದ ಸಾಧನ ಜಿಎನ್‌ಯು ಡಿಡಿರೆಸ್ಕ್ಯೂ. ಕೆಡುತ್ತಿರುವ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲಿಸಲು ಆಂಟೋನಿಯೋ ಡಿಯಾಸ್ ಡಿಯಾಸ್ ಎಂಬವರು ಬರೆದ ಉಚಿತ ತಂತ್ರಾಂಶ ಇದು. ಇದನ್ನು ಮಾಡಿದವರ ಬಗ್ಗೆ ನನಗೆ ನಿಜವಾದ ಕೃತಜ್ಞತೆಯಿದೆ, ಏಕೆಂದರೆ ಸಾಯುತ್ತಿರುವ ಡಿಸ್ಕಿನ ಸ್ವಭಾವವನ್ನು ಅರಿತವರು ಮಾತ್ರ ಹೀಗೆ ಬರೆಯಬಲ್ಲರು. ಮಾಮೂಲಿಯಾಗಿ ಫೈಲುಗಳನ್ನು ನಕಲು ಮಾಡಹೊರಟರೆ ಕಂಪ್ಯೂಟರ್ ಹಾಳಾದ ಜಾಗ ಸಿಕ್ಕಲ್ಲೇ ನಿಂತು ಮತ್ತೆ ಮತ್ತೆ ಅದನ್ನೇ ಓದಲು ಹೆಣಗುತ್ತದೆ. ಒಂದೊಂದು ಸೆಕ್ಟರಿಗೂ ಎಷ್ಟೋ ಸೆಕೆಂಡು ಹಿಡಿಯುತ್ತದೆ, ಡಿಸ್ಕಿನ ಉಳಿದ ಆಯುಷ್ಯವೆಲ್ಲ ಅಲ್ಲಿಯೇ ಕರಗುತ್ತದೆ. ಡಿಡಿರೆಸ್ಕ್ಯೂ ತೊಂದರೆ ಕಂಡಲ್ಲಿ ವಾದಕ್ಕೆ ನಿಲ್ಲದೆ ಮುಂದಕ್ಕೆ ಹಾರುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಬಿಟ್ಟುಬಂದ ಜಾಗಗಳ ಅಂಚಿಗೆ ಹಿಂದಿರುಗಿ, ಕೊನೆಗೆ ಒಂದೊಂದೇ ಸೆಕ್ಟರನ್ನು ಪ್ರಯತ್ನಿಸುತ್ತದೆ. ಎಲ್ಲಿ ಓದಿಯಾಯಿತು, ಎಲ್ಲಿ ಬಾಕಿಯಿದೆ ಎಂಬ ನಕ್ಷೆಯನ್ನು ಬೇರೊಂದು ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ನಿಲ್ಲಿಸಿದರೂ ನಿಂತಲ್ಲಿಂದಲೇ ಮುಂದುವರಿಯಬಹುದು. ಆ ನಕ್ಷೆಯ ಫೈಲು ಕಳೆದುಹೋಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಆದೇಶ ಕೊಡುವ ಮೊದಲು ಯಾವುದು ಮೂಲ, ಯಾವುದು ಗುರಿ ಎಂದು ಡಿಸ್ಕುಗಳ ಕ್ರಮಸಂಖ್ಯೆ ನೋಡಿ ಚಿಕ್ಕಪ್ಪನಿಂದ ಗಟ್ಟಿಯಾಗಿ ಓದಿಸಿದೆ. ಎರಡೂ ಅದಲುಬದಲಾದರೆ ಖಾಲಿ ಡಿಸ್ಕಿನ ಸೊನ್ನೆಗಳು ಚಿತ್ರಗಳ ಮೇಲೆ ಬರೆದುಹೋಗುತ್ತವೆ. ಯುಎಸ್‌ಬಿ ಅಡಾಪ್ಟರ್ ಬಿಟ್ಟು ನೇರವಾಗಿ ಸಾಟಾ ಕೇಬಲ್ಲಿಗೇ ಜೋಡಿಸಿದೆ. ದೋಷ ಬಂದಾಗ ಕೆಲವು ಅಡಾಪ್ಟರುಗಳು ತಾವೇ ಮರಗಟ್ಟಿ ನಿಲ್ಲುತ್ತವೆ.

ಇಂಥ ಡಿಸ್ಕು ಆರೋಗ್ಯವಾಗಿದ್ದು ಸೆಕೆಂಡಿಗೆ 100 ಮೆಗಾಬೈಟ್ ಓದಿದರೆ ಇಡೀ ಕೆಲಸ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ನಮ್ಮದು ಮೊದಲ ಭಾಗದಲ್ಲಿ ಸಲೀಸಾಗಿ ಓಡಿತು. ಆಮೇಲೆ ವೇಗ ಕಿಲೋಬೈಟಿಗೆ ಕುಸಿಯಿತು, ಮತ್ತೆ ಏರಿತು, ಮತ್ತೆ ಕುಸಿಯಿತು. ನಡುವೆ ಡಿಸ್ಕು ಕಂಪ್ಯೂಟರಿನಿಂದಲೇ ಕಾಣೆಯಾಯಿತು. ವಿದ್ಯುತ್ ತೆಗೆದು, ಅದು ತಣಿಯುವವರೆಗೆ ಕಾದು, ಮತ್ತೆ ಜೋಡಿಸಿದಾಗ ಕಾಣಿಸಿಕೊಂಡಿತು. ಈ ಕಾಯುವಿಕೆಯ ನಡುವೆ ಇನ್ನೊಂದು ಸಲ ಕೆಣಕೋಣ ಎಂಬ ಆತುರ ಹುಟ್ಟುತ್ತದೆ. ಆ ಆತುರವನ್ನು ಹಿಡಿದಿಡಲು ಚಿಕ್ಕಪ್ಪ ಪಕ್ಕದಲ್ಲಿ ಕುಳಿತದ್ದು ಒಳ್ಳೆಯದೇ ಆಯಿತು. ಒಂದು ಹಂತದಲ್ಲಿ ಮುಂದಿನಿಂದ ಓದುವುದನ್ನು ಬಿಟ್ಟು ಡಿಸ್ಕಿನ ತುದಿಯಿಂದ ಹಿಮ್ಮುಖವಾಗಿ ಓದಿಸಿದೆ. ಹಾಳಾದ ಪ್ರದೇಶವನ್ನು ಇನ್ನೊಂದು ಬದಿಯಿಂದ ಸಮೀಪಿಸಿದಾಗ ಕೆಲವೊಮ್ಮೆ ಮತ್ತಷ್ಟು ಕೈಗೆ ಬರುತ್ತದೆ. ನಮಗೆ ಬಂತು. ಬಾಕಿ ಉಳಿದ ಅಂಕಿ ಕರಗುವುದನ್ನು ನೋಡುತ್ತಾ ಇಬ್ಬರೂ ಮಾತಿಲ್ಲದೆ ಕುಳಿತಿದ್ದೆವು. ಕೊನೆಗೆ ಉಳಿದದ್ದು ಕೆಲವು ಮೆಗಾಬೈಟ್. ಟಿಕ್ ಸದ್ದು ಬಲವಾಗತೊಡಗಿದ್ದರಿಂದ ಅಲ್ಲಿಗೆ ನಿಲ್ಲಿಸಿದೆ. ಒಪ್ಪಂದ ಒಪ್ಪಂದವೇ.

ಅಲ್ಲಿಂದ ಮುಂದಿನದೆಲ್ಲ ನಿರ್ಭಯದ ಕೆಲಸ. ಹೀಗೆ ಸಿಕ್ಕ ಇಡೀ ಡಿಸ್ಕಿನ ನಕಲಿಗೆ, ಅಂದರೆ ಇಮೇಜಿಗೆ, ಇನ್ನೊಂದು ಪ್ರತಿ ಮಾಡಿಕೊಂಡು, ಆ ಪ್ರತಿಯ ಮೇಲೆ ಏನು ಬೇಕಾದರೂ ಪ್ರಯೋಗ ಮಾಡಬಹುದು. ಚಿಕ್ಕಪ್ಪ ಮೊದಲು ಕೇಳಿದ್ದ ರಿಪೇರಿಯನ್ನೂ ಈಗ ಮಾಡಬಹುದಿತ್ತು. ಅದರ ಅಗತ್ಯ ಬರಲಿಲ್ಲ. ಓದಲು ಮಾತ್ರ ಎಂಬ ಷರತ್ತಿನಲ್ಲಿ ತೆರೆದಾಗ ಬಹುಪಾಲು ಫೋಲ್ಡರುಗಳು ಇದ್ದಲ್ಲೇ ಇದ್ದವು.

ಕೆಲವು ಇರಲಿಲ್ಲ. ಕಾಣೆಯಾದವುಗಳನ್ನು ಹುಡುಕಲು ಎರಡು ದಾರಿಗಳಿವೆ. ಫೋಟೋರೆಕ್ ಎಂಬ ಸಾಧನ ಫೈಲ್ ವ್ಯವಸ್ಥೆಯನ್ನು ಲೆಕ್ಕಿಸದೆ ಇಡೀ ಇಮೇಜನ್ನು ಜಾಲಾಡಿ, ಜೆಪೆಗ್ ಚಿತ್ರ ಆರಂಭವಾಗುವ ಗುರುತಿನ ಬೈಟುಗಳು ಎಲ್ಲಿ ಕಂಡರೂ ಅಲ್ಲಿಂದ ಚಿತ್ರವನ್ನು ಎತ್ತಿಕೊಡುತ್ತದೆ. ಆದರೆ ಹೆಸರು ಬರುವುದಿಲ್ಲ, ಒಂದು ಅಕ್ಷರ ಮತ್ತು ಸೆಕ್ಟರ್ ಸಂಖ್ಯೆಯೇ ಹೆಸರಾಗುತ್ತದೆ. ಚಿಕ್ಕಪ್ಪ ಪ್ರತಿ ಚಿತ್ರದ ಫೈಲ್ ಹೆಸರಿನಲ್ಲೇ ಯಾರು, ಯಾವ ವರ್ಷ, ಯಾರ ಮದುವೆ ಎಂದೆಲ್ಲ ಬರೆದಿಟ್ಟಿದ್ದರು. ಸ್ಕ್ಯಾನರ್ ದಾಖಲಿಸಿದ ದಿನಾಂಕ ಸ್ಕ್ಯಾನ್ ಮಾಡಿದ ದಿನದ್ದಾದ್ದರಿಂದ ಅದರಿಂದ ಉಪಯೋಗವಿಲ್ಲ. ಆ ಹೆಸರುಗಳನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಚಿತ್ರದಷ್ಟೇ ಬೆಲೆ ಅವಕ್ಕೂ ಇತ್ತು. ಎನ್‌ಟಿಎಫ್‌ಎಸ್ ಎಂಬ, ವಿಂಡೋಸ್ ಬಳಸುವ ಫೈಲ್ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ಎಂಎಫ್‌ಟಿ ಎಂಬ ಕೋಷ್ಟಕದಲ್ಲಿ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ ಇರುತ್ತದೆ. ಫೈಲಿನ ಹೆಸರು, ಮಾಹಿತಿ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿಳಾಸ, ಎರಡೂ ಅದರಲ್ಲಿವೆ. ಫೋಲ್ಡರಿನ ಸೂಚಿ ಹಾಳಾದರೂ ಆ ದಾಖಲೆ ಉಳಿದಿರಬಹುದು. ಟೆಸ್ಟ್‌ಡಿಸ್ಕ್ ಸೇರಿದಂತೆ ಕೆಲವು ಸಾಧನಗಳಿಂದ ಹುಡುಕಿದಾಗ ಕಳೆದುಹೋದ ಫೈಲುಗಳಲ್ಲಿ ಹೆಚ್ಚಿನವು ಹೆಸರಿನ ಸಮೇತ ಸಿಕ್ಕವು. ಚಿಕ್ಕಪ್ಪ ಒಂದೊಂದೇ ಹೆಸರನ್ನು ಓದಿ ಹೇಳಿದರು, ಚಿತ್ರ ತೆರೆಯುವುದಕ್ಕೂ ಕಾಯಲಿಲ್ಲ.

ಸಿಕ್ಕಿತು ಎಂದ ಮಾತ್ರಕ್ಕೆ ಸರಿಯಿದೆ ಎಂದಾಗದು. ಓದಲಾಗದ ಸೆಕ್ಟರುಗಳ ಜಾಗದಲ್ಲಿ ಇಮೇಜಿನಲ್ಲಿ ಸೊನ್ನೆಗಳಿರುತ್ತವೆ, ಯಾವ ಫೈಲು ಪೆಟ್ಟು ತಿಂದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಡಿಡಿರೆಸ್ಕ್ಯೂನ ಕೈಪಿಡಿಯಲ್ಲೇ ಇದಕ್ಕೊಂದು ಉಪಾಯವಿದೆ: ನಕ್ಷೆಯ ಸಹಾಯದಿಂದ ಇಮೇಜಿನ ಪ್ರತಿಯಲ್ಲಿ ಆ ಜಾಗಗಳನ್ನು ಮಾತ್ರ ಒಂದು ಗುರುತಿನ ಪದದಿಂದ ತುಂಬಿಸಿ, ಆ ಪದ ಯಾವ ಫೈಲುಗಳೊಳಗೆ ಬರುತ್ತದೆ ಎಂದು ಹುಡುಕುವುದು. ಅಷ್ಟು ಮಾಡಿದರೆ ಗಾಯಗೊಂಡ ಫೈಲುಗಳ ಪಟ್ಟಿ ಕೈಗೆ ಬರುತ್ತದೆ. ಸಾವಿರಾರು ಚಿತ್ರಗಳನ್ನು ಕಣ್ಣಿನಿಂದ ಪರೀಕ್ಷಿಸುವ ಕೆಲಸ ತಪ್ಪಿತು.

ಆ ಪಟ್ಟಿಯಲ್ಲಿದ್ದ ಜೆಪೆಗ್ ಚಿತ್ರಗಳ ಸ್ಥಿತಿ ಕೆಟ್ಟದಾಗಿತ್ತು. ಜೆಪೆಗ್‌ನಲ್ಲಿ ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದ ಬಣ್ಣವನ್ನು ಹಿಂದಿನದರಿಂದ ಎಷ್ಟು ಭಿನ್ನ ಎಂಬ ಲೆಕ್ಕದಲ್ಲಿ ಬರೆಯುತ್ತಾರೆ. ನಡುವೆ ಒಂದು ತುಣುಕು ಹೋದರೆ ಅಲ್ಲಿಂದ ಕೆಳಗೆ ಎಲ್ಲವೂ ಪಕ್ಕಕ್ಕೆ ಸರಿದು, ಬಣ್ಣಗೆಟ್ಟು, ಕೆಲವೊಮ್ಮೆ ಪೂರ್ತಿ ಬೂದಾಗುತ್ತದೆ. ಚಿಕ್ಕಪ್ಪ ಮುಖ್ಯವೆಂದುಕೊಂಡ ಚಿತ್ರಗಳನ್ನು ಮಾತ್ರ ಸಂಕುಚಿತಗೊಳಿಸದ ಟಿಫ್ ರೂಪದಲ್ಲೂ ಉಳಿಸಿದ್ದರು. ಗಾತ್ರ ದೊಡ್ಡದಾಗುತ್ತದೆ ಎಂದು ನಾವೆಲ್ಲ ಅದನ್ನು ಬೇಡವೆಂದಿದ್ದೆವು. ಈಗ ಅವೇ ಉಳಿದವು. ಈ ಡಿಸ್ಕಿನ ಒಂದು ಸೆಕ್ಟರ್ 512 ಬೈಟ್, ಅಂದರೆ ಚುಕ್ಕಿಗೆ ಮೂರು ಬೈಟಿನಂತೆ ಸುಮಾರು 170 ಚುಕ್ಕಿಗಳು. 2400 ಡಿಪಿಐನಲ್ಲಿ, ಅಂದರೆ ಇಂಚಿಗೆ 2400 ಚುಕ್ಕಿಗಳಂತೆ, ಸ್ಕ್ಯಾನ್ ಮಾಡಿದ 35 ಮಿಲಿಮೀಟರ್ ಫಿಲ್ಮಿನ ಚಿತ್ರ ಅಡ್ಡಲಾಗಿ ಸುಮಾರು 3400 ಚುಕ್ಕಿಗಳಷ್ಟು ಅಗಲವಿರುತ್ತದೆ. ಒಂದು ಸೆಕ್ಟರ್ ಹೋದರೆ ಕೂದಲೆಳೆಯಂಥ ಕಪ್ಪು ಗೆರೆಯೊಂದು, ಅದೂ ಅಗಲದ ಇಪ್ಪತ್ತನೆಯ ಒಂದು ಭಾಗದಷ್ಟು ಉದ್ದ, ಅಷ್ಟೇ.

ಪೂರ್ತಿ ಕೆಟ್ಟ ಜೆಪೆಗ್‌ಗಳ ಪಟ್ಟಿ ಹಿಡಿದು ಚಿಕ್ಕಪ್ಪ ಬೂಷ್ಟು ಹಿಡಿದ ನೆಗೆಟಿವ್ ಪೆಟ್ಟಿಗೆಯನ್ನು ಮತ್ತೆ ತೆರೆದರು. ಇಡೀ ಪೆಟ್ಟಿಗೆಯನ್ನು ಉಳಿಸುವುದು ಆಗದ ಮಾತು, ಆದರೆ ಈಗ ಬೇಕಾಗಿರುವ ಪಟ್ಟಿಗಳು ಯಾವುವು ಎಂದು ಗೊತ್ತಿತ್ತು. ಕೆಲವು ಅಂಟಿಕೊಳ್ಳದೆ ಉಳಿದಿದ್ದವು, ಅವನ್ನು ಮತ್ತೆ ಸ್ಕ್ಯಾನ್ ಮಾಡಿದೆವು, ಈ ಸಲ ಎಲ್ಲವನ್ನೂ ಟಿಫ್ ರೂಪದಲ್ಲಿ. ಉಳಿದವುಗಳ ಬೂದು ಭಾಗವನ್ನು ತಂತ್ರಾಂಶದಿಂದ ಊಹಿಸಿ ತುಂಬಿಸಬಹುದೆಂದು ನನ್ನ ತಮ್ಮ ಹೇಳಿದ. ಚಿಕ್ಕಪ್ಪ ಒಪ್ಪಲಿಲ್ಲ. “ಅಲ್ಲಿ ನಿಂತಿದ್ದವರು ಯಾರು ಎಂದು ನನಗೆ ಗೊತ್ತು. ಹೆಸರು ಬರೆದಿಡು, ಸಾಕು” ಎಂದರು. ನನಗೂ ಅದೇ ಸರಿ ಎನಿಸಿತು. ಅವರು ಹೇಳುತ್ತಾ ಹೋದರು, ನಾನು ಫೈಲುಗಳ ಪಕ್ಕದಲ್ಲಿ ಬರೆದುಕೊಂಡೆ. ಆಮೇಲೆ ಎಲ್ಲ ಫೈಲುಗಳ ಚೆಕ್‌ಸಮ್ (ಫೈಲು ಮುಂದೆ ಬದಲಾದರೆ ತಿಳಿಸಿಕೊಡುವ ಲೆಕ್ಕದ ಸಂಖ್ಯೆ) ತೆಗೆದು, ಒಂದು ಪ್ರತಿಯನ್ನು ಅವರ ಮನೆಗೂ ಇನ್ನೊಂದನ್ನು ತಮ್ಮನ ಮನೆಗೂ ಕಳುಹಿಸಿದೆ.