ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲವಂತೆ

"ಕಾನ್ಫಿಡೆನ್ಸ್ ಇಲ್ಲ ಬಿಡಿ. ಒಂದು ಸಲಾನೂ ಐ ಕಾಂಟ್ಯಾಕ್ಟ್ ಇಲ್ಲ."

ಮಂಗಳವಾರ ವಿಡಿಯೋ ಇಂಟರ್‌ವ್ಯೂ ಮುಗಿಸಿ ಆ ಹುಡುಗಿ ಕಾಲ್‌ನಿಂದ ಆಚೆ ಹೋಗಿದ್ದೇ ತಡ, ನಮ್ಮ ಸೀನಿಯರ್ ಹೇಳಿದ ಮಾತಿದು. "ಇಲ್ಲ ಸರ್, ಅವಳು ನಿಮ್ಮ ಮುಖಾನೇ ನೋಡ್ತಿದ್ದಳು" ಅಂದೆ. ಅವರು ನಕ್ಕರು. ಪ್ಯಾನೆಲ್‌ನ ಮೂರನೆಯವರು ಎಂದಿನಂತೆ ಮ್ಯೂಟ್‌ನಲ್ಲಿದ್ದರು. ವಾರ ಮುಗಿಯುತ್ತಾ ಬಂತು, ಆ ನಗು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹುಡುಗಿ ಶಿರಸಿ ಕಡೆಯ ಹಳ್ಳಿಯವಳು, ಊರಿಂದಲೇ ಕಾಲ್‌ಗೆ ಬಂದಿದ್ದಳು. ಬೆನ್ನ ಹಿಂದೆ ತೆರೆದ ಕಿಟಕಿ. ಸಿಗ್ನಲ್ ಸಿಗುವ ಜಾಗ ಅದೊಂದೇ ಇರಬೇಕು. ಕ್ಯಾಮೆರಾ ಕಿಟಕಿಯ ಬೆಳಕಿಗೆ ಹೊಂದಿಕೊಂಡು ಅವಳ ಮುಖವನ್ನು ಕಪ್ಪು ಮಾಡಿಬಿಟ್ಟಿತ್ತು. ಲ್ಯಾಪ್‌ಟಾಪ್ ತಗ್ಗಿನಲ್ಲಿದ್ದದ್ದಕ್ಕೆ ನಮಗೆ ಕಂಡಿದ್ದು ಗದ್ದ, ಮೇಲೆ ಹಂಚಿನ ಮಾಡು. ಇಯರ್‌ಫೋನ್ ಮೈಕಿನಲ್ಲಿ ಧ್ವನಿ ಕೀರಲು.

ಅವಳಿಗಿಂತ ಮುಂಚೆ ಬಂದಿದ್ದ ಹುಡುಗ ಇದಕ್ಕೆಲ್ಲ ಉಲ್ಟಾ. ಇಸ್ತ್ರಿ ಮಾಡಿದ ಶರ್ಟು, ಬ್ಲರ್ ಮಾಡಿದ ಹಿನ್ನೆಲೆ, ಕನ್ನಡಕದ ಗಾಜಿನಲ್ಲಿ ರಿಂಗ್ ಲೈಟಿನ ಎರಡು ಬಿಳಿ ಬಳೆ. ಕ್ಯಾಮೆರಾದಿಂದ ಕಣ್ಣು ಕದಲಿಸಲಿಲ್ಲ. ಪೇಮೆಂಟ್ ಬಟನ್ ಟೆಸ್ಟ್ ಮಾಡೋದು ಹೇಗೆ ಅಂತ ಕೇಳಿದ್ದಕ್ಕೆ ಕೋರ್ಸ್‌ನಲ್ಲಿ ಹೇಳಿಕೊಡುವ ಪಟ್ಟಿಯನ್ನು ಒಪ್ಪಿಸಿದ. ಚೆನ್ನಾಗಿಯೇ ಒಪ್ಪಿಸಿದ, ಅದರಲ್ಲಿ ಮಾತಿಲ್ಲ.

ಅದೇ ಪ್ರಶ್ನೆಗೆ ಅವಳು ಸ್ವಲ್ಪ ತಡೆದು, "ದುಡ್ಡು ಕಟ್ ಆದಮೇಲೆ ನೆಟ್‌ವರ್ಕ್ ಹೋದರೆ ಏನಾಗುತ್ತೆ ಅಂತ ಮೊದಲು ನೋಡ್ತೀನಿ ಮೇಡಂ. ನಮ್ಮಲ್ಲಿ ದಿನಾ ಆಗೋದು ಅದೇ. ಜನ ಗಾಬರಿಯಾಗಿ ಇನ್ನೊಂದು ಸಲ ಒತ್ತುತ್ತಾರೆ. ಆಗ ಎರಡು ಸಲ ದುಡ್ಡು ಹೋಗಬಾರದು" ಅಂದಳು. ನಮ್ಮ ಆಫೀಸಿನಲ್ಲಿ ಫೈಬರ್ ಲೈನಿನ ಮೇಲೆ ಕೂತವರಿಗೆ ಇದು ಮೊದಲಿಗೆ ಹೊಳೆಯುವುದೇ ಇಲ್ಲ.

ಈಗ ಆ ಕಣ್ಣಿನ ವಿಷಯ. ಲ್ಯಾಪ್‌ಟಾಪಿನ ಕ್ಯಾಮೆರಾ ಇರುವುದು ಪರದೆಯ ನೆತ್ತಿಯಲ್ಲಿ. ನಮ್ಮ ಮುಖಗಳು ಕಾಣುವುದು ಅದರ ಕೆಳಗೆ. ನಮ್ಮ ಮುಖ ನೋಡಿ ಮಾತಾಡಿದರೆ ಕಣ್ಣು ತಗ್ಗಿಸಿದ ಹಾಗೆ ಕಾಣುತ್ತದೆ. ಮೇಲಿನ ಚುಕ್ಕೆಯನ್ನು ದಿಟ್ಟಿಸಿದರೆ ಎಷ್ಟು ಧೈರ್ಯ ಅನ್ನಿಸುತ್ತದೆ! ಆ ಹುಡುಗ ಚುಕ್ಕೆ ನೋಡಿದ, ಇವಳು ನಮ್ಮನ್ನು ನೋಡಿದಳು. "ಒಂದು ಸಲಾನೂ ಇಲ್ಲ" ಅಂತೆ. ಅರ್ಧ ಗಂಟೆ ಪೂರ್ತಿ ನೋಡಿದ್ದಳು ಸ್ವಾಮಿ.

ಉತ್ತರಕ್ಕೆ ಮುಂಚೆ ತಡೆದಳಲ್ಲ, ಅದೂ ಅವರ ಲೆಕ್ಕದಲ್ಲಿ ಅಳುಕು. ಅರ್ಧ ತಡ ಲೈನಿನದ್ದೇ ಇರಬಹುದಲ್ವಾ? 2014ರಲ್ಲಿ ಜರ್ಮನಿಯ ಸಂಶೋಧಕರು ಕರೆಗಳಲ್ಲಿ ಬೇಕಂತಲೇ ವಿಳಂಬ ಸೇರಿಸಿ ನೋಡಿದ್ದರು. ಒಂದು ಸೆಕೆಂಡು ಚಿಲ್ಲರೆ ತಡವಾದರೆ ಜನ ಲೈನನ್ನು ಬಯ್ಯುವ ಬದಲು ಆಚೆಯವರಿಗೆ ಗಮನ ಇಲ್ಲ ಅಂದುಕೊಳ್ಳುತ್ತಾರೆ. 2025ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಒಂದೇ ಮಾತನ್ನು ಒಳ್ಳೆ ಮೈಕಿನಲ್ಲಿ ಹೇಳಿದಂತೆಯೂ ಕಳಪೆ ಮೈಕಿನಲ್ಲಿ ಹೇಳಿದಂತೆಯೂ ಕೇಳಿಸಿದರು. ಕಳಪೆ ಮೈಕಿನವರಿಗೆ ಕೆಲಸ ಕೊಡಲು ಕೇಳಿದವರ ಮನಸ್ಸು ಹಿಂಜರಿಯಿತು. ಡರ್ಹಮ್ ವಿಶ್ವವಿದ್ಯಾಲಯದ 2023ರ ಅಧ್ಯಯನದಲ್ಲಿ ಹಿಂದೆ ಗಿಡವೋ ಪುಸ್ತಕದ ಕಪಾಟೋ ಇದ್ದವರು ಹೆಚ್ಚು ನಂಬಿಕಸ್ಥರಾಗಿ, ಸಮರ್ಥರಾಗಿ ಕಂಡರು. ಸರ್ ಹಿಂದೆ ಕಪಾಟೇ ಇದೆ. ಅದರಲ್ಲಿ ಒಂದು ಪುಸ್ತಕ ಜಾಗ ಬದಲಿಸಿದ್ದನ್ನು ನಾನು ಈವರೆಗೆ ಕಂಡಿಲ್ಲ.

ಕೆಟ್ಟ ಮನುಷ್ಯ ಅಲ್ಲ ಅವರು. ಟೀಮಿನವರಿಗೆ ಕಷ್ಟ ಬಂದರೆ ಕೇಳದೆ ಕೈಸಾಲ ಕೊಡುವವರು. ಆದರೆ ಜನರನ್ನು ಮೊದಲ ಹತ್ತು ಸೆಕೆಂಡಿನಲ್ಲಿ ಅಳೆದುಬಿಡುತ್ತೇನೆ ಅನ್ನುವುದು ಅವರ ಹೆಮ್ಮೆ. ಹಾಗೆ ಹೇಳುವವರನ್ನು ಕಂಡರೆ ನನಗೆ ಭಯ.

ನಾನೂ ಹೊಸಬರಿಗೆ ಸಲಹೆ ಕೊಡುತ್ತೇನೆ. ಕಿಟಕಿಗೆ ಮುಖ ಮಾಡಿ ಕೂರಿ. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕ ಜೋಡಿಸಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ತನ್ನಿ. ಪರದೆಯಲ್ಲಿ ನಿಮ್ಮ ಮುಖವನ್ನೇ ನೀವು ನೋಡಿಕೊಂಡು ಕಂಗಾಲಾಗಬೇಡಿ, ಅದು ನಿಮಗೆ ಮಾತ್ರ ಕಾಣದಂತೆ ಮರೆಮಾಡಿ. ಇಷ್ಟಕ್ಕೆ ಖರ್ಚಿಲ್ಲ. ಆದರೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಕರೆಂಟ್ ಹೋದರೂ ವೈಫೈ ನಿಲ್ಲದಿರಲು ಯುಪಿಎಸ್, ಕುಕ್ಕರ್ ಕೂಗದ ಒಂದು ಗಂಟೆ, ಇದನ್ನು ಯಾರು ಕೊಡುತ್ತಾರೆ? ಮೊದಲೆಲ್ಲ ಇಂಟರ್‌ವ್ಯೂ ಅಂದರೆ ಅಕ್ಕನ ಸೀರೆ, ಗೆಳತಿಯ ಚಪ್ಪಲಿ ಹಾಕಿಕೊಂಡು ಹೋದರೆ ನಡೆಯುತ್ತಿತ್ತು. ಆಫೀಸಿನ ಕುರ್ಚಿ, ಬೆಳಕು ಬಂದವರಿಗೆಲ್ಲ ಒಂದೇ. ನಮ್ಮ ಮನೆಯ ಗೋಡೆ ಹೇಗಿದೆ ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಈಗ ಮನೆಯನ್ನೇ ಇಂಟರ್‌ವ್ಯೂಗೆ ಕೂರಿಸಬೇಕು.

ಇಬ್ಬರೂ ಎರಡನೇ ಸುತ್ತಿಗೆ ಬಂದಿದ್ದಾರೆ. ಅವಳ ಹೆಸರು ಉಳಿಯಲು ಸ್ವಲ್ಪ ಜಗಳವೇ ಆಯಿತು. ಮುಂದಿನ ಸಲ ಮೊದಲರ್ಧ ಎಲ್ಲರ ಕ್ಯಾಮೆರಾ ಆಫ್ ಇರಲಿ, ನಮ್ಮದೂ ಸೇರಿ ಅಂತ ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಸರ್ ಇನ್ನೂ ಹೂಂ ಅಂದಿಲ್ಲ.