ಮರ ಎಲ್ಲಿಯದು, ಗಂಡೋ ಹೆಣ್ಣೋ

14 ಜೂನ್ 2025, ಶನಿವಾರ
ಶಿವಮೊಗ್ಗ

ಮೃಗಶಿರ ಮಳೆ ಹಿಡಿದುಕೊಂಡಿದೆ. ಎಂಟರಿಂದ ಹತ್ತೂವರೆಯವರೆಗೆ ಮಾತ್ರ ಹೊಳವು ಸಿಕ್ಕಿತು. ವಿಶ್ವವಿದ್ಯಾಲಯದ ಸಸ್ಯೋದ್ಯಾನ ಇರುವುದೇ ಎರಡು ಎಕರೆ, ಅದಕ್ಕೆ ಅಷ್ಟು ಹೊತ್ತು ಸಾಕು. ಲಾಲ್‌ಬಾಗಿನ 240 ಎಕರೆಯಲ್ಲಿ ಒಂದು ದಿನಕ್ಕೆ ಒಂದು ಮೂಲೆ ನೋಡಿ ಬರಬಹುದು. ಇಲ್ಲಿ ಒಂದೊಂದು ಮರದ ಬುಡದಲ್ಲೂ ನಿಂತು, ಎಲೆ ತಿರುಗಿಸಿ ನೋಡಬಹುದು. ಹೋಗುವವರು ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಒಂದು ಪುಸ್ತಕ, ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ನಿನ ಶಾಯಿ ಈ ಥಂಡಿಗೆ ಹರಡುತ್ತದೆ. ಉಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಉಪ್ಪಿನ ಗಂಟೊಂದು ಕಿಸೆಯಲ್ಲಿರಲಿ.

ಮೊದಲು ಓದಬೇಕಾದದ್ದು ಮರಕ್ಕೆ ಕಟ್ಟಿದ ತಗಡು. ಅದರಲ್ಲಿ ಸಸ್ಯಶಾಸ್ತ್ರೀಯ ಹೆಸರು, ಕುಟುಂಬ, ಕನ್ನಡದ ಹೆಸರು ಇದ್ದರೆ ಅರ್ಧ ಕೆಲಸವಾದಂತೆ. ಉಳಿದರ್ಧ ದಾಖಲೆ ಸಂಖ್ಯೆ. ಉದಾಹರಣೆಗೆ 2019-43 ಅಂದರೆ ಆ ವರ್ಷ ತೋಟಕ್ಕೆ ಬಂದ ನಲವತ್ತಮೂರನೆಯ ಸಸ್ಯ. ಬೀಜವಾಗಿ ಬಂತೋ ಸಸಿಯಾಗಿಯೋ, ಯಾವ ಊರಿನ ಯಾವ ಹಳ್ಳದ ದಂಡೆಯದು, ಎಲ್ಲ ಆ ಸಂಖ್ಯೆಯ ಮುಂದೆ ರಿಜಿಸ್ಟರಿನಲ್ಲಿ ಇರಬೇಕು. ಅದಿಲ್ಲದಿದ್ದರೆ ಸಾಗರದ ಕಾಡಿನ ಮುರುಗಲು (ಪುನರ್ಪುಳಿ) ಯಾವುದು, ನರ್ಸರಿಯಿಂದ ಕೊಂಡು ತಂದ ಕರಾವಳಿಯ ಮುರುಗಲು ಯಾವುದು ಎಂದು ಹೇಳುವ ದಾರಿಯೇ ಇಲ್ಲ. ಎರಡೂ ಮರ ನೋಡಲಿಕ್ಕೆ ಒಂದೇ. ಇಲ್ಲಿ ಬಹುಪಾಲು ತಗಡುಗಳಲ್ಲಿ ಸಂಖ್ಯೆ ಕಾಣಲಿಲ್ಲ, ಅದೇ ಬೇಸರ.

ಬಾಗಿಲ ಬಳಿಯ ಎತ್ತರದ ಮರಕ್ಕೆ ‘ಅಶೋಕ, ಸರಾಕಾ ಅಸೋಕಾ’ ಎಂದು ಬರೆದಿದೆ. ಎಲೆ ಒಂಟಿ, ಉದ್ದ, ಅಂಚು ಅಲೆಅಲೆ. ಅದು ಕಂಬದ ಅಶೋಕ, ಸೀತಾಫಲದ ಕುಟುಂಬದ್ದು. ನಿಜವಾದ ಅಶೋಕಕ್ಕೆ ಒಂದೇ ಕಡ್ಡಿಯ ಎರಡೂ ಬದಿಗೆ ನಾಲ್ಕಾರು ಜೊತೆ ಕಿರುಎಲೆಗಳಿರುತ್ತವೆ. ಚಿಗುರು ತಾಮ್ರದ ಬಣ್ಣಕ್ಕೆ ಜೋತು ಬೀಳುತ್ತದೆ. ಅದು ಹುರುಳಿ, ತೊಗರಿಯ ಕುಟುಂಬ, ಕಾಯಿ ಚಪ್ಪಟೆ. ನಿಜವಾದದ್ದು ಮೂವತ್ತು ಹೆಜ್ಜೆ ಆಚೆ ತಗಡೇ ಇಲ್ಲದೆ ನಿಂತಿದೆ! ಔಷಧಿಗೆ ತೊಗಟೆ ತೆಗೆಯುವ ಮರ ಇದು. ಹೆಸರು ಅದಲು ಬದಲಾದರೆ ವಿದ್ಯಾರ್ಥಿಯೊಬ್ಬ ತಪ್ಪು ತೊಗಟೆಯನ್ನೇ ಪ್ರಯೋಗಾಲಯಕ್ಕೆ ಒಯ್ಯುತ್ತಾನೆ.

ತಗಡು ಕಟ್ಟಿದ ರೀತಿಯೂ ಸರಿಯಿಲ್ಲ. ಕಬ್ಬಿಣದ ತಂತಿ ಸುತ್ತಿ ಬಿಗಿದದ್ದು ಈಗ ತೊಗಟೆಯೊಳಗೆ ಹೂತಿದೆ, ಅದರ ಮೇಲೆ ಕಾಂಡ ಊದಿಕೊಂಡಿದೆ. ಎಲೆಯಿಂದ ಇಳಿಯುವ ಆಹಾರ ಅಲ್ಲೇ ತಡೆಯುತ್ತದೆ. ದೊಡ್ಡ ಮರಕ್ಕೆ ಅಲ್ಯೂಮಿನಿಯಂ ಮೊಳೆ ಹೊಡೆದು, ಎರಡು ಮೂರು ಸೆಂಟಿಮೀಟರ್ ಹೊರಗೆ ಬಿಡಬೇಕು. ಮರ ದಪ್ಪವಾಗುತ್ತಿದ್ದಂತೆ ಮೊಳೆಯನ್ನು ಮತ್ತೆ ಮತ್ತೆ ಸಡಿಲಿಸಬೇಕು. ಸಣ್ಣ ಗಿಡಕ್ಕಾದರೆ ಬುಡದ ಪಕ್ಕ ಗೂಟ. ಬಣ್ಣದಲ್ಲಿ ಬರೆದ ಅಕ್ಷರ ಮಲೆನಾಡಿನ ಮಳೆಗೆ ತಡೆಯುವುದಿಲ್ಲ, ತಗಡಿನ ಮೇಲೆ ಒತ್ತಿ ಮೂಡಿಸಿದ್ದೇ ಉಳಿಯುವುದು.

ಮುರುಗಲಿನ ಬಳಗದ ಹುಳಿಕಾಯಿಯ ಮರ ಉಪ್ಪಾಗೆಯ ಹತ್ತಿರ ಬಹಳ ಹೊತ್ತು ನಿಂತಿದ್ದಾಯಿತು. ಎರಡು ಮರಗಳಿವೆ. ಒಂದರ ತುಂಬ ಕಾಯಿ, ಪುಟ್ಟ ಸಿಹಿಗುಂಬಳದ ಹಾಗೆ ಗೀರು ಗೀರು. ಇನ್ನೊಂದರಲ್ಲಿ ಒಂದೂ ಇಲ್ಲ. ಕಾಯಿ ಬಿಡದ್ದನ್ನು ಕಡಿದು ಜಾಗ ಮಾಡಬೇಕೆಂದು ಯಾರಿಗಾದರೂ ಅನ್ನಿಸಬಹುದು, ದಯವಿಟ್ಟು ಹಾಗೆ ಮಾಡಬೇಡಿ. ಉಪ್ಪಾಗೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ, ಕಾಯಿಯಿಲ್ಲದ್ದು ಪರಾಗ ಕೊಡುವ ಗಂಡು. ಬೀಜದಿಂದ ಬಂದ ಸಸಿಗಳಲ್ಲಿ ಸುಮಾರು ಅರ್ಧ ಗಂಡೇ ಆಗುತ್ತವೆ, ಅದು ಗೊತ್ತಾಗುವುದು ಹೂ ಬಿಟ್ಟ ಮೇಲೆ, ಅಂದರೆ ಹತ್ತು ವರ್ಷದ ಆಚೆ. ಹಾಗಾಗಿ ಇಂಥ ತೋಟದಲ್ಲಿ ಬೇಕಾದದ್ದು ಕಸಿ: ಗುರುತಿಸಿದ ಹೆಣ್ಣುಮರದ ಕುಡಿಯನ್ನು ಪೆನ್ಸಿಲ್ ದಪ್ಪದ ಸಸಿಗೆ ಮೂರ್ನಾಲ್ಕು ಸೆಂಟಿಮೀಟರ್ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಪಾಲಿಥಿನ್ ಟೋಪಿ ಹಾಕಿ ನೆರಳಿನಲ್ಲಿಡುವುದು. ಮೂರ್ನಾಲ್ಕು ವರ್ಷಕ್ಕೇ ಕಾಯಿ. ಎಡವುವುದು ಕುಡಿ ಆರಿಸುವಾಗ. ನೆಟ್ಟಗೆ ಮೇಲೇರುವ ಚಿಗುರನ್ನೇ ತೆಗೆಯಬೇಕು. ಕೈಗೆಟಕುತ್ತದೆಂದು ಅಡ್ಡರೆಂಬೆಯ ಕುಡಿ ತೆಗೆದರೆ ಆ ಕಸಿಗಿಡ ಜನ್ಮಪೂರ್ತಿ ಅಡ್ಡಡ್ಡವೇ ಹರಡುತ್ತದೆ, ಮರವಾಗುವುದಿಲ್ಲ. ನೆರಳುಮನೆಯ ಹಿಂದೆ ಹಾಗೆ ನೆಲಕ್ಕೆ ಬಾಗಿದ ನಾಲ್ಕು ಗಿಡಗಳಿವೆ. ಸಸಿಗೆ ಬೀಜ ಹಾಕುವವರು ಗಟ್ಟಿ ಸಿಪ್ಪೆ ಬಿಡಿಸಿ ಹಾಕಿ. ಇಲ್ಲದಿದ್ದರೆ ಐದಾರು ತಿಂಗಳು ಅಲುಗದೆ ಕೂರುತ್ತದೆ, ಬೀಜ ಸತ್ತಿತೆಂದು ಮಡಿಯನ್ನೇ ಅಗೆದು ಹಾಕುತ್ತಾರೆ.

ತಗ್ಗಿನಲ್ಲಿ ಪುಟ್ಟ ಜೌಗೊಂದನ್ನು ಮಾಡಿ ಕಾಡುಜಾಯಿಕಾಯಿಯ ಬಂಧುಗಳನ್ನು ನೆಟ್ಟಿದ್ದಾರೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಈ ಮರಗಳ ಬೇರು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಉಸಿರಾಡುತ್ತದೆ. 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಲಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂಥ ಜೌಗಿನ ಮರವೇ, ಹೆಸರಲ್ಲೇ ಊರಿದೆ. ಇಲ್ಲಿಯ ಗಿಡಗಳ ಎಲೆತುದಿ ಮಾತ್ರ ಸುಟ್ಟಂತಾಗಿವೆ. ಕಾರಣ ಪಕ್ಕದಲ್ಲೇ ತೆಗೆದ ಬಸಿಗಾಲುವೆ. ಮಳೆಗಾಲದಲ್ಲಿ ದಾರಿ ಒಣಗಲೆಂದು ತೋಡಿದ್ದು, ಬೇಸಿಗೆಯಲ್ಲಿ ಜೌಗನ್ನೂ ಹೀರುತ್ತದೆ. ಕಾರ್ತಿಕದಲ್ಲಿ ಅದಕ್ಕೊಂದು ಮಣ್ಣಿನ ಕಟ್ಟು ಹಾಕಿದರೆ ಸಾಕು. ಪೂರ್ತಿ ಮುಚ್ಚುವುದೂ ಬೇಡ, ಈ ಮರಗಳಿಗೆ ನಿಧಾನವಾಗಿ ಹರಿಯುವ ನೀರು ಬೇಕು, ಕೊಳೆತು ನಿಂತದ್ದಲ್ಲ.

ಹಲಸಿನ ಮರದ ಮೇಲಿನ ಆರ್ಕಿಡ್, ಸೀತಾಳೆ ದಂಡೆ, ಹೂವಾಗಿದೆ. ಬಿಳಿಯ ಮೇಲೆ ನೇರಳೆ ಚುಕ್ಕಿ, ನರಿಬಾಲದಂತೆ ಜೋತ ಗೊನೆ. ಬಿದ್ದ ಕೊಂಬೆಯಿಂದ ತಂದ ಸೀತಾಳೆಯನ್ನು ಮರಕ್ಕೆ ಕಟ್ಟಲು ಇದೇ ಸಮಯ. ಹಲಸು, ಮಾವಿನಂಥ ಒರಟು ತೊಗಟೆಯ ಮರ ಆಗಬೇಕು. ನಂದಿ, ಪೇರಲದ ತೊಗಟೆ ಕಳಚುವಾಗ ಗಿಡವೂ ಉದುರುತ್ತದೆ. ಕಟ್ಟಲು ಹತ್ತಿಯ ದಾರ ಸಾಕು, ಬೇರು ಹಿಡಿಯುವ ಹೊತ್ತಿಗೆ ತಾನೇ ಕೊಳೆಯುತ್ತದೆ. ಬೇರಿಗೆ ತೆಂಗಿನ ನಾರು ತುರುಕಬೇಡಿ, ನಮ್ಮ ಮಳೆಗೆ ಬೇರು ಕೊಳೆಯುವುದು ಅದರಿಂದಲೇ.

ಹಿತ್ತಲ ಬೇಲಿಯಲ್ಲೊಂದು ಹೊಲಗೇರು ಇದೆ, ಎಚ್ಚರ. ಎಲೆತೊಟ್ಟಿನ ಮೇಲೆ ಮೀಸೆಯಂಥ ಎರಡು ಸಣ್ಣ ಮುಳ್ಳೆಳೆ ಕಂಡರೆ ಮುಟ್ಟಬೇಡಿ. ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಅದಕ್ಕೆ ಕೆಂಪು ತಗಡು ಹಾಕಬೇಕಿತ್ತು.

ಧೂಪದ ಮರದ ಕೆಳಗೆ ಆಗಲೇ ಬೀಜ ಬಿದ್ದಿವೆ, ಕೆಲವು ಬೇರು ಚಾಚಿವೆ. ಇವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತಂತೆಯೇ. ಒದ್ದೆ ತರಗಿನಲ್ಲಿ ಸುತ್ತಿ ಒಯ್ದು, ವಾರದೊಳಗೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರದ ಚೀಲಕ್ಕೆ ಹಾಕಬೇಕು. ಚೀಲದ ಮೇಲೆ ಇವತ್ತಿನ ತಾರೀಕು, ತಾಯಿಮರದ ಜಾಗ, ಎರಡನ್ನೂ ಪೆನ್ಸಿಲಿನಲ್ಲಿ ಬರೆದ ಚೀಟಿ. ತೋಟದವರಿಗೆ ಇಷ್ಟು ಹೇಳುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು.